ಟಾಟಾ ಮೊಬೈಲಿನ ಮೊದಲ ಓನರ್‌ನನ್ನು ಹುಡುಕಿದ್ದು: ನನ್ನ ಅನುಭವ

2024ರ ಡಿಸೆಂಬರಿನಲ್ಲಿ ನನ್ನ ಟಾಟಾ ಮೊಬೈಲ್ ಪಿಕಪ್ ಗಾಡಿಯನ್ನು ಮಂಗಳೂರಿನ ಕಂಕನಾಡಿಯ ಒಂದು ಮನೆಯ ಅಂಗಳದಲ್ಲಿ ನಿಲ್ಲಿಸಿದೆ. 1990ರಲ್ಲಿ ಹೊಸ ಗಾಡಿಯಾಗಿ ಬಂದಾಗ ಅದು ಮೊದಲು ನಿಂತದ್ದೂ ಅದೇ ಅಂಗಳದಲ್ಲಿ. ನಡುವೆ ಮೂರು ಜಿಲ್ಲೆ, ನಾಲ್ಕು ಓನರ್, ಐದು ಬಣ್ಣ, ಒಂದು ತಪ್ಪು ಚಾಸಿ ನಂಬರ್. ಇಷ್ಟನ್ನು ಬಿಡಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು. ಖರ್ಚು 17-18 ಸಾವಿರ ಆಗಿರಬಹುದು.

ಉಡುಪಿಯಲ್ಲಿ ಹಳೆ ಗಾಡಿ ಹುಚ್ಚು ಇರುವ ನಮ್ಮದೊಂದು ಗುಂಪು ಉಂಟು. ಅವರಲ್ಲಿ ಒಬ್ಬರೂ ಇದು ಆಗುತ್ತದೆ ಅಂತ ನಂಬಿರಲಿಲ್ಲ. "ಮೂವತ್ತು ವರ್ಷದ ಹಿಂದಿನ ರಿಜಿಸ್ಟರ್ ಯಾರು ಇಟ್ಟಿರ್ತಾರೆ ಮಾರಾಯ, ಗೆದ್ದಲು ತಿಂದಿರ್ತದೆ" ಅಂದರು. ಗ್ಯಾರೇಜಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದು ಎರಡು ಗಾಡಿ ಕತ್ತರಿಸಿ ಒಂದು ಮಾಡಿದ್ದು, ಗುಜರಿಗೆ ಹಾಕು ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಿಜಿಸ್ಟರ್ ಇತ್ತು. ಗಾಡಿ ಒಂದೇ.

ಗಾಡಿ ತೆಗೆದುಕೊಂಡದ್ದು 2023ರ ಜೂನಿನಲ್ಲಿ, ಕುಂದಾಪುರ ಕಡೆಯ ಒಂದು ಗುಜರಿ ಅಂಗಡಿಯಿಂದ, 42 ಸಾವಿರಕ್ಕೆ. ಎಂಜಿನ್ ತಿರುಗುತ್ತಿತ್ತು, ಅಷ್ಟೇ. ಹಿಂದಿನ ತೊಟ್ಟಿಯ ತಳ ಜರಡಿಯಾಗಿತ್ತು. ಟಾಟಾ ಮೊಬೈಲ್ ಯಾಕೆ ಅಂತ ಕೇಳುವವರಿಗೆ ಒಂದೇ ಮಾತು. 1988ರಲ್ಲಿ ಬಂದ ಈ ಗಾಡಿಯ ಮೇಲೆಯೇ ಆಮೇಲೆ 1991ರ ಸಿಯೆರಾ, 1992ರ ಎಸ್ಟೇಟ್ ಎದ್ದವು. ಅವೆರಡನ್ನು ಇವತ್ತು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿದ್ದಾರೆ. ಅವುಗಳ ಅಮ್ಮನನ್ನು ಕೇಳುವವರಿಲ್ಲ. ನಮ್ಮಲ್ಲಿ, ಘಟ್ಟದ ಮೇಲೂ, ಯಾವ ಕಂಪನಿಯ ಪಿಕಪ್ ಆದರೂ ಹಳಬರು ಈಗಲೂ "ಟಾಟಾ ಮೊಬೈಲ್" ಅನ್ನುತ್ತಾರಲ್ವಾ. ಕೈಯಲ್ಲಿ ಹಿಡಿಯುವ ಮೊಬೈಲ್ ಬರುವ ಮೊದಲೇ ನಮಗೆ ಮೊಬೈಲ್ ಅಂದರೆ ಇದು.

ಅಂಗಡಿಯವರು ಕೊಟ್ಟ ಕಾಗದ ಎರಡು. ಒಂದು ಡ್ಯೂಪ್ಲಿಕೇಟ್ ಕಾರ್ಡ್ ಆರ್‌ಸಿ. ಇನ್ನೊಂದು, ಸೈನ್ ಮಾತ್ರ ಇದ್ದು ಉಳಿದದ್ದೆಲ್ಲ ಖಾಲಿ ಇರುವ 29-30 ಫಾರ್ಮ್, ಅಂದರೆ ಗಾಡಿಯ ಹೆಸರು ವರ್ಗಾಯಿಸುವ ಅರ್ಜಿ. ಈ ಖಾಲಿ ಫಾರ್ಮಿನ ಕತೆ ನಿಮಗೆಲ್ಲ ಗೊತ್ತು. ಕೈಯಿಂದ ಕೈಗೆ ಗಾಡಿ ಹೋಗುತ್ತದೆ, ಹೆಸರು ಮಾತ್ರ ಹಳೆಯವನದ್ದೇ ಇರುತ್ತದೆ. ಹಳೆಯ ಪುಸ್ತಕದ ಆರ್‌ಸಿ ಇದ್ದಿದ್ದರೆ ಪುಟ ತಿರುಗಿಸಿದರೆ ಹಿಂದಿನ ಓನರ್‌ಗಳೆಲ್ಲ ಸೀಲ್ ಸಮೇತ ಸಿಗುತ್ತಿದ್ದರು. ಕಾರ್ಡಿನಲ್ಲಿ ಈಗಿನವನ ಹೆಸರು, "ಓನರ್ ಸೀರಿಯಲ್ 4" ಅನ್ನುವ ಅಂಕಿ, ಅಷ್ಟೇ. ಮೂರು ಜನರನ್ನು ಒಂದು ಅಂಕಿಯಲ್ಲಿ ಮುಗಿಸಿದ್ದಾರೆ.

ನಂಬರ್ ಕೆಎ 19. ನಡುವೆ ಅಕ್ಷರವಿಲ್ಲ, ನೇರ ನಾಲ್ಕಂಕಿ. ಇದೇ ಒಂದು ಸುಳಿವು. ಹೊಸ ಮೋಟಾರು ಕಾಯ್ದೆ 1989ರ ಜುಲೈ 1ಕ್ಕೆ ಜಾರಿಗೆ ಬಂದು, ಆಮೇಲೆ ಕೆಎ ಸೀರೀಸ್ ಶುರುವಾದಾಗ ಸರಕು ಗಾಡಿಗಳಿಗೆ ಮೊದಲು ಬಂದದ್ದು ಈ ಬೋಳು ನಂಬರ್. ಹಾಗಾಗಿ ಗಾಡಿ ಹುಟ್ಟಿನಿಂದಲೇ ಮಂಗಳೂರಿನದ್ದು, ಹುಟ್ಟಿನಿಂದಲೇ ದುಡಿಯುವ ಗಾಡಿ.

ತೊಂದರೆ ಶುರುವಾದದ್ದು ಗಾಡಿ ತೆಗೆದುಕೊಂಡ ವರ್ಷದ ಕೊನೆಗೆ. 2019ರ ಏಪ್ರಿಲ್‌ಗಿಂತ ಮೊದಲಿನ ಎಲ್ಲ ಗಾಡಿಗೂ ಹೊಸ ಭದ್ರತಾ ನಂಬರ್ ಪ್ಲೇಟ್ ಹಾಕಿಸಬೇಕು ಅಂತ 2023ರ ಆಗಸ್ಟಿನಲ್ಲಿ ಸರ್ಕಾರ ಹೇಳಿತಲ್ಲ, ನಾನೂ ಬುಕ್ ಮಾಡಲು ಕೂತೆ. ನನ್ನ ಅಭ್ಯಾಸ ಏನೆಂದರೆ ಚಾಸಿ ನಂಬರನ್ನು ಕಾರ್ಡ್ ನೋಡಿ ಹಾಕುವುದಿಲ್ಲ, ಗಾಡಿ ನೋಡಿ ಹಾಕುತ್ತೇನೆ. ಹಾಕಿದೆ. ಹೊಂದಲಿಲ್ಲ. ಮತ್ತೆ ಹಾಕಿದೆ. ಇಲ್ಲ. ಆಗ ಕಾರ್ಡ್ ತೆಗೆದು ಪಕ್ಕದಲ್ಲಿ ಇಟ್ಟು ನೋಡಿದರೆ, ಕೊನೆಯ ಐದು ಅಂಕಿಗಳಲ್ಲಿ ಮಧ್ಯದ್ದು ಕಾರ್ಡಿನಲ್ಲಿ 8, ಗಾಡಿಯಲ್ಲಿ 3.

ಚಾಸಿ ಪಟ್ಟಿಯನ್ನು ಥಿನ್ನರ್‌ನಲ್ಲಿ ತೊಳೆದು, ಮರಳು ಕಾಗದ ಮುಟ್ಟಿಸದೆ, ಬಟರ್ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದೆ. ಹತ್ತು ಪ್ರಿಂಟ್ ತೆಗೆದಿರಬಹುದು. ಎಲ್ಲದರಲ್ಲೂ 3. ಅದರ ಎಡಗಡೆ ತೆರೆದೇ ಇದೆ, ಮುಚ್ಚಿದ ಗುರುತಿಲ್ಲ, ಮತ್ತೆ ಹೊಡೆದ ಗುರುತೂ ಇಲ್ಲ. ಅಂಕಿಗಳ ಆಳ ಒಂದೇ ಸಮ. ಆದರೂ ಗ್ಯಾರೇಜಿನವರು "ಚಾಸಿ ಬೇರೆ ಗಾಡಿದು" ಅಂತ ತೀರ್ಪು ಕೊಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳ್ಳಮಾಲಾಗಿದ್ದರೆ 42 ಸಾವಿರದ ಜೊತೆ ಮರ್ಯಾದೆಯೂ ಹೋಗುತ್ತದೆ. ಎರಡೂ ನಂಬರನ್ನು ಕಳವಾದ ಗಾಡಿಗಳ ರಾಷ್ಟ್ರೀಯ ಪಟ್ಟಿ ವಾಹನ್ ಸಮನ್ವಯದಲ್ಲಿ ಹಾಕಿ ನೋಡಿದೆ. ಯಾವುದೂ ಇಲ್ಲ. ಸ್ವಲ್ಪ ಉಸಿರು ಬಂತು. ಆದರೆ ತಪ್ಪು ಎಲ್ಲಿ ಆಯಿತು ಅಂತ ತೋರಿಸದೆ ಗಾಡಿ ನನ್ನ ಹೆಸರಿಗೆ ಆಗುವುದಿಲ್ಲ. ತೋರಿಸಬೇಕೆಂದರೆ ಹಿಂದಕ್ಕೆ ಹೋಗಬೇಕು, ಮೊದಲ ಓನರ್ ತನಕ.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆ. ಒಬ್ಬ ಬ್ರೋಕರ್ 3,500 ತೆಗೆದುಕೊಂಡು "ಪೂರ್ತಿ ಹಿಸ್ಟರಿ" ಕೊಡುತ್ತೇನೆ ಅಂದ. ಮೂರು ವಾರ ಕಾಯಿಸಿ ಕೊಟ್ಟದ್ದು ಆ್ಯಪಿನ ಸ್ಕ್ರೀನ್‌ಶಾಟ್. ಹೆಸರಿನಲ್ಲಿ ಎರಡು ಅಕ್ಷರ ಬಿಟ್ಟು ಉಳಿದದ್ದೆಲ್ಲ ನಕ್ಷತ್ರ. ಅದು ನನ್ನ ಫೋನಿನಲ್ಲೇ ಇತ್ತು. ಆ 3,500 ಹೋದದ್ದು ಹೋಯಿತು.

ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. "ಈ ವಾಹನದ ಹಿಂದಿನ ಎಲ್ಲ ಮಾಲೀಕರ ಹೆಸರು, ವಿಳಾಸ ಕೊಡಿ." ಮೂವತ್ತು ದಿನದ ಹತ್ತಿರ ಉತ್ತರ ಬಂತು: ವೈಯಕ್ತಿಕ ಮಾಹಿತಿ, ಕಲಂ 8(1)(ಜೆ), ಕೊಡಲಾಗುವುದಿಲ್ಲ. ಕಾನೂನು ಪ್ರಕಾರ ಅವರದ್ದು ಸರಿಯೇ. ತಪ್ಪು ನನ್ನ ಪ್ರಶ್ನೆಯದ್ದು. ಪರ್ಮಿಟ್ ಫೈಲಿನಲ್ಲಿ ಹುಡುಕೋಣ ಅಂತ ಹೊರಟರೆ ಅದೂ ಇಲ್ಲ. ಒಟ್ಟು ತೂಕ 3,000 ಕಿಲೊ ಮೀರದ ಸರಕು ಗಾಡಿಗೆ ಪರ್ಮಿಟೇ ಬೇಡವಲ್ಲ. ಲಾರಿ ಹುಡುಕುವವರಿಗೆ ಇರುವ ಸುಲಭದ ಬಾಗಿಲು ನಮ್ಮಂಥ ಪಿಕಪ್‌ನವರಿಗೆ ಮುಚ್ಚಿದೆ.

ಹೀಗೆ ಐದಾರು ತಿಂಗಳು ಕಳೆಯಿತು. ಆಗ ಬುದ್ಧಿ ಬದಲಿಸಿದೆ. ಕಚೇರಿ ಬಿಟ್ಟು ಗಾಡಿಯನ್ನೇ ಓದಲು ಶುರು ಮಾಡಿದೆ. ನನ್ನ ಕೆಲಸ ಆದದ್ದು ಇದರಿಂದಲೇ. ಗಾಡಿ ಏನು ಮಾಡಿತ್ತು, ಸುಮಾರು ಯಾವಾಗ ಮಾಡಿತ್ತು ಅಂತ ಮೊದಲು ನಿಮಗೆ ಗೊತ್ತಿದ್ದರೆ, ಕಚೇರಿಯಲ್ಲಿ ಸಣ್ಣ ಪ್ರಶ್ನೆ ಕೇಳಬಹುದು. ಸಣ್ಣ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಎಡ ಬಾಗಿಲಿನ ಮಧ್ಯದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ವಾಟರ್ ಪೇಪರಿನಲ್ಲಿ ಉಜ್ಜಿದೆ. ಮೊದಲು 320, ಆಮೇಲೆ 600, ಕೊನೆಗೆ 1000. ಒತ್ತಬಾರದು, ಬೆರಳಿನ ತುದಿಯಲ್ಲಿ ಸುತ್ತು ತಿರುಗಿಸುತ್ತಾ ಹೋಗಬೇಕು, ನೀರು ಬಿಡುತ್ತಾ ಇರಬೇಕು. ಅರ್ಧ ಗಂಟೆಯಲ್ಲಿ ಬಣ್ಣಗಳು ಬಳೆ ಇಟ್ಟ ಹಾಗೆ ಒಂದರೊಳಗೊಂದು ಎದ್ದು ಬಂದವು. ಹೊರಗೆ ಮರೂನ್, ಒಳಗೆ ಬಿಳಿ, ಅದರೊಳಗೆ ನೀಲಿ, ಆಮೇಲೆ ಎಲೆಹಸಿರು, ಎಲ್ಲಕ್ಕಿಂತ ಒಳಗೆ ಕಂಪನಿಯ ಕೆನೆ ಬಣ್ಣ, ನಡುವಲ್ಲಿ ಕಡಲೆಯಷ್ಟು ಪ್ರೈಮರ್. ಐದು ಬಣ್ಣ. ಬಲ ಬಾಗಿಲಲ್ಲೂ ಹಾಗೇ ಮಾಡಿದೆ. ಅಲ್ಲಿ ಮರೂನ್, ಬಿಳಿ, ನೀಲಿ, ಆಮೇಲೆ ನೇರ ಪ್ರೈಮರ್. ಹಸಿರೂ ಇಲ್ಲ, ಕೆನೆಯೂ ಇಲ್ಲ. ಅಂದರೆ ಗಾಡಿ ನೀಲಿ ಇದ್ದ ಕಾಲದಲ್ಲಿ ಬಲ ಬಾಗಿಲು ಬದಲಾಗಿದೆ. ಈ ಮಾತು ನೆನಪಿಡಿ.

ಎಡ ಬಾಗಿಲಲ್ಲಿ ಹಸಿರಿನ ಮೇಲೆ ಒಂದು ಕಡೆ ಹಳದಿ ಚೂರು ಕಂಡಿತು. ಅಕ್ಷರ! ಬ್ರಷ್‌ನಲ್ಲಿ ಬರೆದ ಅಕ್ಷರಕ್ಕೆ ದಪ್ಪ ಇರುತ್ತದೆ. ಮೇಲೆ ಎಷ್ಟು ಬಣ್ಣ ಹೊಡೆದರೂ ಅದು ಗೆರೆಯಾಗಿ ಉಬ್ಬಿಯೇ ಇರುತ್ತದೆ. ರಾತ್ರಿ ಶೆಡ್ಡಿನ ಲೈಟೆಲ್ಲ ಆರಿಸಿ, ಟಾರ್ಚನ್ನು ಬಾಗಿಲಿಗೆ ಅಂಟಿಸಿದ ಹಾಗೆ ಓರೆಯಾಗಿ ಹಿಡಿದೆ. ಎಂಟು ದಿಕ್ಕಿನಿಂದ ಫೋಟೊ ತೆಗೆದೆ. ಬಾಗಿಲನ್ನು ಒಂದು ಮಿಶ್ರಣದಲ್ಲಿ ಒರೆಸಿದರೆ ಉಬ್ಬು ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಮಿಶ್ರಣ ಏನು ಅಂತ ಇಲ್ಲಿ ಹೇಳುವುದಿಲ್ಲ. ಮೂರು ತಿಂಗಳು ಹಾಳು ಮಾಡಿ ಕಂಡುಕೊಂಡದ್ದು, ಸದ್ಯ ನನ್ನಲ್ಲೇ ಇರಲಿ. ಸೀಮೆಎಣ್ಣೆ ಮಾತ್ರ ಬೇಡ, ಅದು ಪುಟ್ಟಿಗೆ ಇಳಿದು ಗುಳ್ಳೆ ಎಬ್ಬಿಸುತ್ತದೆ. ನನಗೆ ಒಂದು ಕಡೆ ಎಬ್ಬಿಸಿತು.

ಕಂಡದ್ದು ಇಷ್ಟು. ಮೊದಲ ಅಕ್ಷರ ಅಳಿಸಿ ಹೋಗಿದೆ, ಓ ದೀರ್ಘದ ಬಾಲ ಮಾತ್ರ ಉಳಿದಿದೆ. ಆಮೇಲೆ ಸ್ಪಷ್ಟವಾಗಿ ಒಂದು ಡ. ಆಮೇಲೆ ಸ್ವಲ್ಪ ಜಾಗ ಮಸುಕು. ಆಮೇಲೆ "ಫ್ಯಾಕ್ಟ".

ನಮ್ಮೂರಲ್ಲಿ "ಫ್ಯಾಕ್ಟರಿ" ಅಂದ ಕೂಡಲೇ ಏನು ನೆನಪಾಗುತ್ತದೆ? ಹೆಂಚು, ಇಲ್ಲದಿದ್ದರೆ ಗೇರುಬೀಜ. ನಾನು "ಗೋಡಂಬಿ ಫ್ಯಾಕ್ಟರಿ" ಅಂತ ಓದಿದೆ. ಎಷ್ಟು ಸರಿಯಾಗಿ ಕೂತಿತು ಅಂದರೆ ಎರಡನೇ ಸಲ ಯೋಚನೆಯೇ ಮಾಡಲಿಲ್ಲ. ಮಂಗಳೂರಿನಿಂದ ಕಾರ್ಕಳದ ತನಕ ಏಳೆಂಟು ಗೇರುಬೀಜದ ಫ್ಯಾಕ್ಟರಿ ತಿರುಗಿದೆ. ಹಳೆ ಡ್ರೈವರ್‌ಗಳನ್ನು, ಲೆಕ್ಕ ಬರೆಯುವ ರೈಟರ್‌ಗಳನ್ನು ಮಾತಾಡಿಸಿದೆ. ಎಲ್ಲ ಕಡೆ ಚಹಾ ಸಿಕ್ಕಿತು, ಸುದ್ದಿ ಸಿಗಲಿಲ್ಲ. ಮೂರು ವಾರ, ಪೆಟ್ರೋಲಿಗೆ ಸುಮಾರು ಎರಡು ಸಾವಿರ.

ಇದನ್ನು ಸರಿ ಮಾಡಿದ್ದು ಕಟಪಾಡಿಯ ಒಬ್ಬರು ಹಳೆ ಪೇಂಟರ್. ಒಂದು ಕಾಲದಲ್ಲಿ ಬಸ್ಸುಗಳಿಗೆ ಹೆಸರು ಬರೆಯುತ್ತಿದ್ದವರು, ಈಗ ಕಣ್ಣು ಮಂಜು. ಫೋಟೊ ತೋರಿಸಿದೆ. ಅವರು ಫೋಟೊ ನೋಡಲೇ ಇಲ್ಲ, "ಗಾಡಿ ತನ್ನಿ" ಅಂದರು. ತಂದೆ. ಬಾಗಿಲ ಮೇಲೆ ಬೆರಳು ಆಡಿಸಿದರು. ಕಣ್ಣು ಮುಚ್ಚಿಕೊಂಡು ಎಡದಿಂದ ಬಲಕ್ಕೆ ಎರಡು ಸಲ. ಆಮೇಲೆ ಕೇಳಿದರು: "ಡ ಎಷ್ಟು ಅಗಲ ಉಂಟು?" ಟೇಪ್ ಹಿಡಿದೆ. ಎರಡೂವರೆ ಇಂಚು. "ಡ ಮುಗಿದು ಫ್ಯಾ ಶುರುವಾಗುವ ತನಕ?" ಮೂರು ಇಂಚಿಗೂ ಕಮ್ಮಿ. "ಅದರಲ್ಲಿ ಎರಡು ಶಬ್ದದ ನಡುವಿನ ಜಾಗ ಕಳೆಯಿರಿ. ಉಳಿದದ್ದರಲ್ಲಿ ಸೊನ್ನೆ, ಬಿ ಎರಡೂ ಹೇಗೆ ಹಿಡೀತದೆ? ನಾವು ಚಾಕ್‌ಪೀಸಿನಲ್ಲಿ ಮನೆ ಎಣಿಸಿಯೇ ಬರೆಯುವುದು. ಅಲ್ಲಿ ಹಿಡಿಯುವುದು ಒಂದು ದೀರ್ಘ ಮಾತ್ರ."

ಡಾ. ಸೋಡಾ. ಸೋಡಾ ಫ್ಯಾಕ್ಟರಿ.

ದುಡ್ಡು ಕೊಡಲು ಹೋದರೆ ಬೈದರು. ಮರುದಿನ ಎರಡು ಕಿಲೊ ಬಂಗುಡೆ ಕೊಟ್ಟು ಬಂದೆ, ಅದನ್ನು ತೆಗೆದುಕೊಂಡರು.

ಇನ್ನು ನೀಲಿ ಕಾಲದ್ದು. ತೊಟ್ಟಿಯ ತುಕ್ಕು ಹೊರಗಿನಿಂದ ಒಳಗೆ ಹೋದದ್ದಲ್ಲ, ಒಳಗಿನಿಂದ ಹೊರಗೆ ಬಂದದ್ದು. ಹಿಂದಿನ ಎಡ ಮೂಲೆಯಲ್ಲಿ ಡ್ರಿಲ್ ಮಾಡಿದ ಅರ್ಧ ಇಂಚಿನ ತೂತು, ಅದರ ಅಂಚಿನಲ್ಲಿ ನೀಲಿ ಬಣ್ಣ. ಮಂಜುಗಡ್ಡೆಯ ನೀರು ಹೋಗಲು ಮಾಡಿದ ತೂತು ಅಂತ ನನಗೆ ನೋಡಿದ ಕೂಡಲೇ ಅನ್ನಿಸಿತು. ಆದರೂ ಖಚಿತ ಮಾಡಿಕೊಳ್ಳೋಣ ಅಂತ ಒಂದು ಪ್ರಯೋಗ ಮಾಡಿದೆ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಗೆಳೆಯನೊಬ್ಬ ಇದ್ದಾನೆ. ತುಕ್ಕು ಕೆರೆದು, ಡಿಸ್ಟಿಲ್ಡ್ ನೀರಿನಲ್ಲಿ ಕುದಿಸಿ, ಸೋಸಿ, ಸಿಲ್ವರ್ ನೈಟ್ರೇಟ್ ಹನಿ ಹಾಕಿದೆವು. ಮೊಸರಿನ ಹಾಗೆ ಬೆಳ್ಳಗಾಯಿತು. ಉಪ್ಪು ಉಂಟು! ನಾನು ಕುಣಿದೆ. ಗೆಳೆಯ ಬುದ್ಧಿವಂತ. ನನ್ನ ಸ್ಕೂಟರಿನ ತುಕ್ಕನ್ನೂ ಹಾಗೇ ಮಾಡೋಣ ಅಂದ. ಅದೂ ಬೆಳ್ಳಗಾಯಿತು, ಸ್ವಲ್ಪ ತೆಳು ಅಷ್ಟೇ. ಕಡಲ ಬದಿಯ ಊರಲ್ಲಿ ಯಾವ ಕಬ್ಬಿಣ ಕೆರೆದರೂ ಉಪ್ಪು ಇರುತ್ತದೆ. ಘಟ್ಟದ ಮೇಲಿನವರಿಗೆ ಈ ಪರೀಕ್ಷೆ ಉಪಯೋಗಕ್ಕೆ ಬಂದೀತು, ನಮಗೆ ಬೇಡ. ಸಿಲ್ವರ್ ನೈಟ್ರೇಟ್‌ಗೆ 600 ಆಯಿತು. ತೂತನ್ನು ನಂಬಿದ್ದರೆ ಸಾಕಿತ್ತು.

ಬಿಳಿ ಕಾಲಕ್ಕೆ ಸಾಕ್ಷಿ ಸಿಕ್ಕಿದ್ದು ಬಾಗಿಲಿನ ಹೊಟ್ಟೆಯಲ್ಲಿ. ಒಳಗಿನ ಹಲಗೆ ಬಿಚ್ಚಿ ಕೈ ಹಾಕಿದರೆ ಅಡಿಕೆ ಸಿಪ್ಪೆಯ ನಾರು, ಕೆಂಪು ಧೂಳು, ಎರಡು ಬೀಡಿ ತುಂಡು, ಮಡಚಿ ಗಟ್ಟಿಯಾದ ಒಂದು ವೇಬ್ರಿಡ್ಜ್ ಚೀಟಿ, ಗಾಡಿ ತೂಗಿದಾಗ ಕೊಡುವಂಥದ್ದು. ಅದನ್ನು ಬಿಡಿಸಲು ಅವಸರ ಮಾಡಬೇಡಿ. ಒದ್ದೆ ಬಟ್ಟೆಯ ಮೇಲೆ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬ್ಲೇಡಿನ ಬೆನ್ನಿನಿಂದ ಬಿಡಿಸಿದೆ. ಗಾಡಿ ನಂಬರ್, ತೀರ್ಥಹಳ್ಳಿ, 2001. ಸ್ಟೆಪ್ನಿ ಟೈರಿನ ಮೇಲಿನ ನಾಲ್ಕಂಕಿ 3402, ಅಂದರೆ 2002ರ 34ನೇ ವಾರದ ಟೈರ್. ಎರಡೂ ಒಂದೇ ಕಾಲವನ್ನು ತೋರಿಸುತ್ತವೆ. ಗಾಜಿನ ಮೂಲೆಯ ಚುಕ್ಕಿಗಳಿಂದಲೂ ವರ್ಷ ಓದಬಹುದು. ನನ್ನದರಲ್ಲಿ ಮುಂದಿನ ಗಾಜು ಬದಲಾಗಿತ್ತು, ಹಿಂದಿನದ್ದು ಮೂಲದ್ದೇ.

ಮರೂನ್ ಕಾಲದವರು ಕಾರ್ಡಿನಲ್ಲಿರುವ ನಾಲ್ಕನೇ ಓನರ್, ಶಾಮಿಯಾನದ ಕೆಲಸದವರು. ಕಾರ್ಡಿನ ವಿಳಾಸದಲ್ಲಿ ಇರಲಿಲ್ಲ. ಆದರೆ ಶಾಮಿಯಾನದವರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ, ಮದುವೆ ಸೀಸನ್‌ನಲ್ಲಿ ಕುರ್ಚಿ ಸಾಲ ಕೊಟ್ಟುಕೊಳ್ಳಲೇಬೇಕು. ಮೂರನೇ ಫೋನಿಗೇ ಬ್ರಹ್ಮಾವರದಲ್ಲಿ ಸಿಕ್ಕಿದರು. ಅವರಿಗೆ ಗಾಡಿ ಯಾವತ್ತೋ ಮುಗಿದ ಕತೆ. ಸೈನ್ ಹಾಕಲು ಒಪ್ಪಲಿಲ್ಲ, ಯಾವುದಾದರೂ ಕೇಸ್ ತಲೆ ಮೇಲೆ ಬಂದೀತು ಅನ್ನುವ ಹೆದರಿಕೆ. ನಾನು ಹೇಳಿದೆ: ಹೆದರಬೇಕಾದದ್ದು ಸೈನ್ ಹಾಕದೆ ಇದ್ದರೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗಾಡಿ ಎಷ್ಟು ಕೈ ದಾಟಿದ್ದರೂ ಅಷ್ಟೇ. ಇಷ್ಟು ವರ್ಷ ಆ ಗಾಡಿ ನಿಮ್ಮ ಹೆಸರಲ್ಲೇ ರಸ್ತೆಯಲ್ಲಿತ್ತು ಅಂದೆ. ಅವರ ಮುಖದ ಬಣ್ಣವೇ ಹೋಯಿತು. ಅಲ್ಲೇ ಕೂತು ಅಧಿಕಾರ ಪತ್ರ ಬರೆದುಕೊಟ್ಟರು, ಹೊಸ 29-30ಕ್ಕೂ ಸೈನ್ ಹಾಕಿದರು.

ಈಗ ಮತ್ತೆ ಕಚೇರಿಗಳು. ಈ ಸಲ ಮೂರು ಕಡೆ, ಮೂರು ಬೇರೆ ಅರ್ಜಿ. ಒಂದೇ ಕಡೆ ಪೂರ್ತಿ ಇತಿಹಾಸ ಸಿಗುತ್ತದೆ ಅಂತ ತಿಳಿಯುವುದೇ ಎಲ್ಲರ ತಪ್ಪು. ರಾಜ್ಯದೊಳಗೆ ಜಿಲ್ಲೆ ಬದಲಾದರೆ ನಂಬರ್ ಬದಲಾಗುವುದಿಲ್ಲ, ದಾಖಲೆ ಮಾತ್ರ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಹಿಡಿದು ಮುಂದಿನ ಕಚೇರಿಗೆ ಹೋಗುತ್ತದೆ. ಕೆಎ 19 ಅಂತ ಮಂಗಳೂರಿನಲ್ಲಿ ಮಾತ್ರ ಕೇಳಿದರೆ ಎನ್‌ಒಸಿ ಕೊಟ್ಟ ದಿನದ ತನಕ ಮಾತ್ರ ಗೊತ್ತಾಗುತ್ತದೆ. ನನ್ನ ಗಾಡಿ ಮಂಗಳೂರು, ಶಿವಮೊಗ್ಗ, ಉಡುಪಿ ಅಂತ ಹೋಗಿದೆ ಎಂದು ಬಣ್ಣಗಳೇ ಹೇಳಿದ್ದವು.

ಪ್ರಶ್ನೆಯನ್ನೂ ಬದಲಿಸಿದೆ. ಹೆಸರು ಕೇಳಲಿಲ್ಲ. ಯಾವ ಯಾವ ದಿನ ವರ್ಗಾವಣೆ ಆಗಿದೆ, ಎನ್‌ಒಸಿ ಯಾವ ಕಚೇರಿಗೆ ಹೋಗಿದೆ, ಸಾಲ ಯಾವ ಬ್ಯಾಂಕಿನದ್ದು, ಬಣ್ಣ ಏನು ಬರೆದಿದೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಯಾವ ದಿನಾಂಕಗಳಲ್ಲಿ ಆಗಿದೆ. ನಮ್ಮ ರಾಜ್ಯದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಶಬ್ದ ಮೀರಬಾರದು ಅಂತ ಉಂಟಲ್ಲ, ಅದು ಒಳ್ಳೆಯದೇ ಆಯಿತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಆರು ಹೋಗಿರಬಹುದು, ಜೆರಾಕ್ಸ್ ಪುಟಕ್ಕೆ ಎರಡು ರೂಪಾಯಿ. ಇದರಲ್ಲಿ ಯಾರ ಗುಟ್ಟೂ ಇಲ್ಲ, ಹಾಗಾಗಿ ನಿರಾಕರಿಸಲು ಕಾರಣವೂ ಇಲ್ಲ. ದಿನಾಂಕಗಳು ಬಂದವು. ದಿನಾಂಕ ಕೈಗೆ ಬಂದ ಮೇಲೆ, ನಾಲ್ಕನೇ ಓನರ್‌ನ ಅಧಿಕಾರ ಪತ್ರ ಹಿಡಿದು ಬಿ ಎಕ್ಸ್‌ಟ್ರಾಕ್ಟ್‌ಗೆ, ಅಂದರೆ ನೋಂದಣಿ ದಾಖಲೆಯ ನಕಲಿಗೆ, ಅರ್ಜಿ ಹಾಕಿದೆ. "ಹಳೇ ರಿಜಿಸ್ಟರ್ ಹುಡುಕಿ" ಅನ್ನುವುದು ಬೇರೆ, "ಇಂಥ ವರ್ಷ, ಇಂಥ ತಿಂಗಳು, ಇಂಥ ನಂಬರ್" ಅನ್ನುವುದು ಬೇರೆ. ಎರಡನೆಯದಕ್ಕೆ ಕ್ಲಾರ್ಕ್ ಎದ್ದು ಹೋಗುತ್ತಾರೆ. ಮಾರ್ಚ್ ತಿಂಗಳಲ್ಲಿ ಮಾತ್ರ ಹೋಗಬೇಡಿ. ಯಾವ ದಿನ, ಎಷ್ಟು ಗಂಟೆಗೆ ಹೋಗಬೇಕು ಅನ್ನುವುದು ನನ್ನ ಇನ್ನೊಂದು ಗುಟ್ಟು.

ಸಾಲದ ಕಾಲಂ ಕೂಡ ಬಿಡಬೇಡಿ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕು ಈಗ ಆ ಹೆಸರಲ್ಲಿ ಇಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. ಹಳೆ ಗಾಡಿಯ ಮೇಲೆ ಇವುಗಳ ಸಾಲ ತೀರಿದ್ದರೂ ದಾಖಲೆಯಲ್ಲಿ ಹಾಗೇ ನಿಂತಿದ್ದರೆ, ಸಾಲ ತೀರಿತು ಅನ್ನುವ 35ನೇ ಫಾರ್ಮಿಗೆ ಸೈನ್ ಕೊಡಬೇಕಾದವರು ಈಗಿನ ಬ್ಯಾಂಕಿನವರು. ನನ್ನದರಲ್ಲಿ 1993ರಲ್ಲೇ ಸಾಲ ತೀರಿದ ಸೀಲ್ ಬಿದ್ದಿತ್ತು. ಸೋಡಾ ಮಾರಿ ಮೂರು ವರ್ಷದಲ್ಲಿ ತೀರಿಸಿದ್ದಾರೆ. ಆ ಸೀಲ್ ನೋಡಿ ನನಗೇ ಹೆಮ್ಮೆ ಅನ್ನಿಸಿತು.

ಮೊದಲ ರಿಜಿಸ್ಟರಿನ ನಕಲು ಕೈಗೆ ಬಂದ ದಿನ ನಾನು ಹೆಸರು ನೋಡುವ ಮೊದಲು ಚಾಸಿ ನಂಬರ್ ನೋಡಿದೆ. ತಯಾರಕರು ಟೆಲ್ಕೊ, ಟಾಟಾ ಮೋಟಾರ್ಸ್‌ನ ಆಗಿನ ಹೆಸರು. ನೀಲಿ ಶಾಯಿ, ಕೈಬರಹ, ಅಂಕಿಗಳು ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿ. ಮಧ್ಯದಲ್ಲಿ 3. ಎಷ್ಟು ಸ್ಪಷ್ಟ ಅಂದರೆ ಬರೆದವರು ಮೇಲಿನ ಗೆರೆಯನ್ನು ಚಪ್ಪಟೆಯಾಗಿ ಎಳೆದಿದ್ದಾರೆ, 8 ಅಂತ ಯಾರೂ ಓದುವ ಹಾಗಿಲ್ಲ. ಎರಡನೇ ಕಚೇರಿಯ ಪುಟದಲ್ಲೂ 3. ಮುಂದೆ ಎಲ್ಲೋ ಒಂದು ಕಡೆ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಅದು 8 ಆಗಿದೆ, ಕಾರ್ಡ್ ಅದನ್ನೇ ನಕಲು ಮಾಡಿದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ. ಈಗಿನವರು ಪಾಪ ನೋಟರಿ ಅಫಿಡವಿಟ್, ಮೂರು ಎಕ್ಸ್‌ಟ್ರಾಕ್ಟ್, ಪೆನ್ಸಿಲ್ ಪ್ರಿಂಟ್ ಎಲ್ಲ ನೋಡಿ, ಇನ್‌ಸ್ಪೆಕ್ಟರ್ ಗಾಡಿಯನ್ನೂ ನೋಡಿ, ತಿದ್ದಿಕೊಟ್ಟರು. ಅದಕ್ಕೆ ಓಡಾಟ ಸೇರಿ ಮೂರು ಸಾವಿರ ಆಯಿತು. ಘಟ್ಟದ ಓಡಾಟಕ್ಕೆ ಇನ್ನೊಂದು ಏಳು ಸಾವಿರ. ಆಗುಂಬೆ ದಾರಿಯಲ್ಲಿ ನಾಲ್ಕು ಸಲ ಹೋಗಿ ಬಂದೆ, ಮಳೆಗಾಲದಲ್ಲಿ ಎರಡು ಸಲ.

ತೀರ್ಥಹಳ್ಳಿ ಕಡೆಯ ಮೂರನೇ ಓನರ್ ತೀರಿಕೊಂಡಿದ್ದಾರೆ. ಮಗ ತೋಟ ನೋಡುತ್ತಾರೆ. ಗಾಡಿಯ ಫೋಟೊ ಕಂಡ ಕೂಡಲೇ "ಹಿಂದಿನ ಎಡ ಸ್ಪ್ರಿಂಗ್ ಪಟ್ಟಿಗೆ ಒಂದು ಎಲೆ ಜಾಸ್ತಿ ಹಾಕಿಸಿದ್ವಿ, ಇದೆಯಾ?" ಅಂದರು. ಇದೆ. ಎಡಗಡೆ ಮಾತ್ರ ಯಾಕೆ ಒಂದು ಎಲೆ ಜಾಸ್ತಿ ಅಂತ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಅವರ ತೋಟದ ದಾರಿ ಒಂದೇ ಬದಿಗೆ ವಾಲಿದೆಯಂತೆ. ಹೋಗಿ ನೋಡಿದೆ, ಹೌದು.

ಮೊದಲ ಓನರ್‌ನ ಕಂಕನಾಡಿಯ ಮನೆಯಲ್ಲಿ ಈಗ ಸೋಡಾ ಇಲ್ಲ. ಹಿಂದಿನ ಶೆಡ್ಡಿನಲ್ಲಿ ಮರದ ಕ್ರೇಟುಗಳು ಉಳಿದಿವೆ, ಪ್ರತಿಯೊಂದರಲ್ಲೂ 24 ಬಾಟಲಿಯ ಮನೆ. ಮನೆಯ ಯಜಮಾನರಿಗೆ 80 ದಾಟಿದೆ. ನಾನು ಎಡ ಬಾಗಿಲಿನ ಆ ಜಾಗಕ್ಕೆ ಬಣ್ಣ ಹೊಡೆಸಿಲ್ಲ. ಹಸಿರಿನ ತನಕ ಉಜ್ಜಿ, ಮೇಲೆ ಕ್ಲಿಯರ್ ಹೊಡೆಸಿದ್ದೇನೆ. ಅವರು ಬಗ್ಗಿ ಅಕ್ಷರ ನೋಡಿದರು, ಆಮೇಲೆ ಹಿಂದೆ ಹೋಗಿ ತೊಟ್ಟಿಯ ಅಗಲವನ್ನು ಗೇಣಿನಲ್ಲಿ ಅಳೆದರು. "ಐದು ಕ್ರೇಟ್ ಅಡ್ಡ ಕೂತುಕೊಳ್ತಿತ್ತು" ಅಂದರು. ಶೆಡ್ಡಿನಿಂದ ಕ್ರೇಟ್ ತಂದು ಇಟ್ಟು ನೋಡಿದೆವು. ಐದು ಕೂತವು, ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು.

ಒಂದು ಉಳಿದಿದೆ. ಎರಡನೇ ಓನರ್ ಮಂಗಳೂರಿನ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುತ್ತಿದ್ದವರು, 1994ರಿಂದ 1999ರ ತನಕ. ಅವರ ಕಾಲದಲ್ಲಿ ಸುಮಾರು 14 ತಿಂಗಳು ಗಾಡಿಗೆ ಎಫ್‌ಸಿ ಇಲ್ಲ. ಬಲ ಬಾಗಿಲು ಬದಲಾದದ್ದೂ ನೀಲಿ ಕಾಲದಲ್ಲೇ. ಎರಡೂ ಒಂದೇ ಘಟನೆ ಅಂತ ನನ್ನ ಲೆಕ್ಕ. ಅವರ ಮನೆಯವರು ಸಿಕ್ಕಿದ್ದಾರೆ, ಆದರೆ ಬೋಟು ಓಡುವ ದಿನಗಳಲ್ಲಿ ದಕ್ಕೆಯಲ್ಲಿ (ಮೀನಿನ ಬೋಟು ನಿಲ್ಲುವ ಕಟ್ಟೆಯಲ್ಲಿ) ಯಾರಿಗೂ ಕೂತು ಮಾತಾಡಲು ಪುರುಸೊತ್ತಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಆಗ ಬನ್ನಿ ಅಂದಿದ್ದಾರೆ. ಬಲ ಬಾಗಿಲು ಬಿಚ್ಚದೆ ಹಾಗೇ ಇಟ್ಟಿದ್ದೇನೆ, ಗಾಡಿಯನ್ನೇ ತೆಗೆದುಕೊಂಡು ಹೋಗುತ್ತೇನೆ.